ಇಬ್ಬರು ಕೂತರೆ ಉಜ್ಜುವ ಗಾಲಿ

ತಮ್ಮನ ಕಣ್ಣು ಹೋಗುತ್ತಿದೆ ಎಂಬ ಸಂಗತಿ ಬೀದಿಗೆಲ್ಲ ಗೊತ್ತಿತ್ತು. ತಮ್ಮನಿಗೂ ಗೊತ್ತಿತ್ತು; ಆದರೆ ಅವನು ಅದನ್ನು ಯಾರದೋ ಮನೆಯ ಸುದ್ದಿಯೆಂಬಂತೆ ಕೇಳಿಸಿಕೊಳ್ಳುತ್ತಿದ್ದ.

ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದ್ದರು. ನಡುವಿನ ನೋಟ ಚೆನ್ನಾಗಿದೆ, ಅಂಚಿನದು ಹೋಗುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಕೊಳವೆ ಬರಬರುತ್ತಾ ಸಣ್ಣದಾಗುತ್ತದೆ, ಮಬ್ಬು ಬೆಳಕಿನಲ್ಲಿ ಮೊದಲೇ ಏನೂ ಕಾಣುವುದಿಲ್ಲ. "ಕಾರು ಓಡಿಸೋದನ್ನ ಇವತ್ತಿಗೇ ನಿಲ್ಲಿಸಿಬಿಡಿ" ಎಂದಿದ್ದರು. ತಮ್ಮ ಎದುರಿನ ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನು, ಅದರ ಕೆಳಗೆ ಅಚ್ಚು ಹಾಕಿದವರ ವಿಳಾಸವನ್ನೂ ಸೇರಿಸಿ, ಗಡಗಡ ಓದಿ, "ಈಗೇನಂತೀರಿ?" ಎಂದು ಎದ್ದ. ಏಳುವಾಗ ಪಕ್ಕದ ಸ್ಟೂಲಿಗೆ ಮೊಣಕಾಲು ಬಡಿಯಿತು. ಸ್ಟೂಲನ್ನು ಅಲ್ಲಿಟ್ಟವರ ಬುದ್ಧಿಯನ್ನು ಮನೆ ಮುಟ್ಟುವವರೆಗೂ ಬೈದ.

ಜೊತೆಗೆ ಅಕ್ಕ ಹೋಗಿದ್ದಳು. ಆ ಸ್ಟೂಲಿನ ಮೇಲೆ ಅಷ್ಟು ಹೊತ್ತೂ ಕೂತಿದ್ದವಳು ಅವಳೇ.

ಅಕ್ಕ ಟೈಲರ್. ಕೆಳಗಿನ ಮುಂಗೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ಪಕ್ಕದ ಕಿಂಡಿಯಂಥ ಕೋಣೆಯಲ್ಲಿ ತಮ್ಮನ ಗಡಿಯಾರ ರಿಪೇರಿ. ಮಹಡಿಯ ಮೇಲೆ ಇಬ್ಬರ ಸಂಸಾರ. ಸಂಸಾರ ಎಂದರೆ ಅವರಿಬ್ಬರೇ. ಅಪ್ಪ ಅಮ್ಮ ಹೋದ ಮೇಲೆ, ಬೈಯುವುದಕ್ಕಾದರೂ ಇರಲಿ ಎಂಬಂತೆ ಒಬ್ಬರಿಗೊಬ್ಬರು ಉಳಿದುಕೊಂಡಿದ್ದರು. ತಮ್ಮ ಗಡಿಯಾರದೊಳಗಿನ ಕೂದಲಿನಂಥ ಸ್ಪ್ರಿಂಗನ್ನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಡಿಯುತ್ತಿದ್ದ. ಬಾಗಿಲಲ್ಲಿ ನಿಂತ ಗಿರಾಕಿ ಕೆಮ್ಮಿದರೆ ಬೆಚ್ಚಿಬೀಳುತ್ತಿದ್ದ. "ಕಳ್ಳರ ಹಾಗೆ ಬರ್ತೀರಲ್ಲ!" ಎನ್ನುತ್ತಿದ್ದ. ಗಿರಾಕಿ ಬಂದು ಎಷ್ಟೋ ಹೊತ್ತಾಗಿರುತ್ತಿತ್ತು.

ಅವನಿಗಿದ್ದ ದೊಡ್ಡ ಆಸ್ತಿಯೆಂದರೆ ಒಂದು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕಡು ಹಸಿರು ಬಣ್ಣ, ಕೂತರೆ ನೆಲದ ಮೇಲೆಯೇ ಕೂತಂತೆ. ಏಳಬೇಕಾದರೆ ವಯಸ್ಸಾದವರಿಗೆ ಕೈ ಕೊಡಬೇಕು. ಯಾರೋ ಕೈಬಿಟ್ಟ ಗುಜರಿಯನ್ನು ತಂದು, ಇಂಜಿನ್ನನ್ನು ಗಡಿಯಾರದ ಹಾಗೆ ಬಿಚ್ಚಿ, ಗಡಿಯಾರದ ಹಾಗೆಯೇ ಕೂಡಿಸಿದ್ದ. ಅದನ್ನು ಅವನಲ್ಲದೆ ಬೇರೆಯವರು ಓಡಿಸಿದ್ದಿಲ್ಲ. ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಕೂರುತ್ತಿದ್ದದ್ದು ಪಾನಾ ಪೆಟ್ಟಿಗೆ. ಅಕ್ಕ ಬಟ್ಟೆ ತಲುಪಿಸಲು ಇಟ್ಟುಕೊಂಡಿದ್ದ ಹಳದಿ ವ್ಯಾನನ್ನು ಅವನು "ನಿನ್ನ ಡಬ್ಬ" ಎಂದು ಕರೆಯುತ್ತಿದ್ದ. ತನ್ನದನ್ನು ಮಾತ್ರ "ಕಾರು" ಎನ್ನುತ್ತಿದ್ದ, ಲೋಕದಲ್ಲಿ ಇನ್ನೊಂದಿಲ್ಲವೇನೋ ಎಂಬಂತೆ.

ಡಾಕ್ಟರ ಮಾತಿನ ನಂತರವೂ ಕಾರು ಓಡಿತು. ಗೇಟಿನ ಕಂಬಕ್ಕೆ ಒಮ್ಮೆ ಒರಸಿತು. "ಈ ಕಂಬ ಮುಂಚೆ ಇಷ್ಟು ಮುಂದಿರಲಿಲ್ಲ" ಎಂದ ತಮ್ಮ. ಅಕ್ಕ ನಕ್ಕಳು. ಆಮೇಲೊಂದು ಸಂಜೆ ಶಾಲೆಯ ಹುಡುಗಿಯೊಬ್ಬಳು ಹೊಲಿಸಿದ ಯೂನಿಫಾರ್ಮ್ ತೆಗೆದುಕೊಂಡು ಸೈಕಲ್ ಹತ್ತಿದಳು, ಅದೇ ಹೊತ್ತಿಗೆ ಕಾರು ಮನೆಗೆ ತಿರುಗಿತು. ಹುಡುಗಿ ಸೈಕಲ್ ಬಿಟ್ಟು ಹಾರಿದಳು. ಕಾರು ಒಂದಿಷ್ಟೂ ತಡವರಿಸದೆ ಒಳಗೆ ಬಂದು ಅಂದವಾಗಿ ನಿಂತಿತು. ತಮ್ಮ ಇಳಿದು, ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದ. ಅವನು ಅವಳನ್ನು ನೋಡಿರಲೇ ಇಲ್ಲ. ಅಕ್ಕ ಕೈಯಲ್ಲಿದ್ದ ಕತ್ತರಿಯ ಸಮೇತ ಹುಡುಗಿಯ ಕಡೆ ಓಡಿದಳು.

ಅವತ್ತು ಊಟದ ಹೊತ್ತಿಗೆ ಅವಳು ಅಂಗೈ ಚಾಚಿದಳು.

"ಏನು?"

"ಕೀ."

ಅಕ್ಕ ಹೇಳಿದ ಹುಡುಗಿಯ ವಿಷಯ ಕೇಳಿ ತಮ್ಮನ ಮುಖ ಬಿಳಿಚಿಕೊಂಡಿದ್ದೇನೋ ನಿಜ. ಆದರೂ, "ಗಾಲಿ ಹಾಕಿಸ್ತೀನಿ. ಹಾಕಿಸಿದ್ಮೇಲೆ ಕೊಡ್ತೀನಿ" ಎಂದ.

"ಯಾವ ಗಾಲಿ?"

"ದೊಡ್ಡ ಗಾಲಿ. ಹದಿನೆಂಟು ಇಂಚಿಂದು. ಈಗಿರೋದು ಹದಿನಾರು."

"ಓಡಿಸದೇ ಇರೋ ಕಾರಿಗೆ ಗಾಲಿ ಯಾಕಪ್ಪಾ ದೊಡ್ಡದು?"

"ನೋಡೋಕೆ" ಎಂದ ತಮ್ಮ.

ಅಕ್ಕನಿಗೆ ಹಳೆಯದೊಂದು ನೆನಪಾಯಿತು. ಅಮ್ಮ ಹೊಲಿಯುತ್ತಿದ್ದ ಕಾಲದಲ್ಲಿ, ಬಟ್ಟೆ ಕತ್ತರಿಸಲು ಅಮ್ಮ ಕಂದು ಕಾಗದದ ಮೇಲೆ ಅಳತೆಯ ಅಚ್ಚು ಬರೆದಿಡುತ್ತಿದ್ದಳು. ಅದರ ಬೆನ್ನಿಗೆ ಇವನು ಕಾರು ಬರೆಯುತ್ತಿದ್ದ. ಬಾಗಿಲಿನಷ್ಟು ಎತ್ತರದ ಗಾಲಿ, ಆ ಗಾಲಿಗಳ ನಡುವೆ ಹೇಗೋ ಸಿಕ್ಕಿಕೊಂಡ ಕಾರು. ಊರಿನ ಎಷ್ಟೋ ಗಂಡಸರ ಕೋಟಿನ ತೋಳು ಆ ಕಾರುಗಳನ್ನು ಅಡ್ಡಡ್ಡ ಸೀಳಿಕೊಂಡೇ ಹುಟ್ಟಿತ್ತು. ಅವನು ಈಗ ಕೇಳುತ್ತಿದ್ದದ್ದು ಆ ಕಾರನ್ನು. ಕಣ್ಣಿನ ಕೊಳವೆ ಮುಚ್ಚುವ ಮೊದಲು ಒಮ್ಮೆ ನೋಡಲು.

ಒಪ್ಪಿಕೊಂಡಳು. ಗಾಲಿ ಬರುವವರೆಗೆ ಕಾರು ಗೇಟು ದಾಟಬಾರದು ಎಂದು ಮಾತಾಯಿತು. ಅಲ್ಲಿಯವರೆಗೆ ತಮ್ಮ ಅಳತೆಯಲ್ಲಿ ಮುಳುಗಿದ. ಗಾಲಿಯ ಅಗಲ, ಮಡ್‌ಗಾರ್ಡಿನ ಒಳಗಿನ ಜಾಗ, ಟೈರಿನ ಹೊಟ್ಟೆ, ಎಲ್ಲವನ್ನೂ ಗಡಿಯಾರಕ್ಕೆ ಹಿಡಿಯುವ ಅಳತೆಪಟ್ಟಿಯಲ್ಲೇ ಅಳೆದ. ತನ್ನ ತೂಕದಷ್ಟು ಮರಳನ್ನು ಚೀಲಕ್ಕೆ ತುಂಬಿ, ಸ್ಟೀರಿಂಗ್ ಮುಂದೆ ಕೂರಿಸಿ, ಕಾರು ಎಷ್ಟು ತಗ್ಗುತ್ತದೆಂದು ನೋಡಿದ. ಮರಳಿನ ಚೀಲಕ್ಕೆ ಸೀಟ್‌ಬೆಲ್ಟನ್ನೂ ಹಾಕಿದ್ದ.

"ನಿನಗಿಂತ ಇದೇ ವಾಸಿ ಕಣೋ" ಎಂದಳು ಅಕ್ಕ ಕಿಟಕಿಯಿಂದ. "ಸುಮ್ನೆ ಕೂತಿದೆ, ಎಲ್ಲಿಗೂ ಹೋಗಲ್ಲ."

ಗಾಲಿಗಳು ಬಂದವು. ಅವನ್ನು ಕೂರಿಸುವವನು ಊರಾಚೆಯ ಸರ್ವಿಸ್ ರಸ್ತೆಯಲ್ಲಿದ್ದ. ಅವನ ನಿಜವಾದ ಹೆಸರು ಅವನ ಹೆಂಡತಿಗೆ ನೆನಪಿದ್ದರೆ ಹೆಚ್ಚು; ಮಿಕ್ಕವರಿಗೆಲ್ಲ ದಪ್ಪಣ್ಣ. ಬೆನ್ನ ಹಿಂದೆ ಅನ್ನುವುದನ್ನು ಮುಂದೆಯೇ ಅನ್ನಲಿ ಎಂದು ಬೋರ್ಡಿನ ಮೇಲೂ ಅದನ್ನೇ ಬರೆಸಿಕೊಂಡಿದ್ದ. ಕಾರನ್ನು ಲಾರಿಯ ಮೇಲೆ ಹಾಕಿ ಕಳಿಸೋಣವೆಂದು ಅಕ್ಕ ಹೇಳಿದರೆ, "ಹೆಣ ಸಾಗಿಸಿದ ಹಾಗೆ ಸಾಗಿಸೋಕೆ ಬಿಡಲ್ಲ" ಎಂದ ತಮ್ಮ. ಹಾಗಾಗಿ ರಜೆಯ ದಿನ ಬೆಳಗ್ಗೆ, ಬೀದಿ ಇನ್ನೂ ಆಕಳಿಸುತ್ತಿರುವಾಗ, ಅವಳ ಹಳದಿ ಡಬ್ಬ ಮುಂದೆ, ಅವನ ಹಸಿರು ಕಾರು ಹಿಂದೆ ಹೊರಟವು. "ನನ್ನ ವ್ಯಾನಿನ ಬೆನ್ನು ಬಿಟ್ಟು ಬೇರೇನೂ ನೋಡಬೇಡ" ಎಂದಿದ್ದಳು. ಬೇರೇನೂ ಕಾಣುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ದಾರಿಯುದ್ದಕ್ಕೂ ಅವಳು ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದಳು. ಪ್ರತಿ ಅಡ್ಡರಸ್ತೆಯಲ್ಲೂ ನಿಂತು, ಎರಡೂ ಕಡೆ ಅವನ ಪಾಲಿನದನ್ನೂ ತಾನೇ ನೋಡಿ, ಆಮೇಲೆ ಸಾಗಿದಳು. ತಾನು ಮಾಡುತ್ತಿರುವುದು ತಪ್ಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಷ್ಟು ಜಾಗ್ರತೆ ಮಾಡಿದಳು.

ದಪ್ಪಣ್ಣನ ಶೆಡ್ಡಿನಲ್ಲಿ ರಬ್ಬರಿನ ವಾಸನೆ ಗೋಡೆಗೇ ಅಂಟಿಕೊಂಡಿತ್ತು. ಮೂಲೆಯಲ್ಲಿ ಟೈರುಗಳ ಗೋಪುರ, ಅದರ ತುದಿಯಲ್ಲಿ ಅರ್ಧ ಕುಡಿದಿಟ್ಟ ಚಹಾದ ಲೋಟ. ದಪ್ಪಣ್ಣ ಕೀ ಇಸಿದುಕೊಂಡು ಮೊಳೆಗೆ ನೇತುಹಾಕಿದ. ಕಾರನ್ನು ಜಾಕಿನ ಮೇಲೆತ್ತಿ, ಹಳೆಯ ಗಾಲಿಗಳನ್ನು ಕಳಚಿದ. ಗಾಲಿಯಿಲ್ಲದ ಕಾರು ಹಲ್ಲು ಕೀಳಿಸಿಕೊಂಡವರ ಹಾಗೆ ಕಾಣುತ್ತದೆ. ಅಕ್ಕ ಮುಖ ಆಚೆ ತಿರುಗಿಸಿದಳು. ತಮ್ಮ ಮಾತ್ರ ಹೊಸ ಗಾಲಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಒಂದೊಂದು ಕಡ್ಡಿಯನ್ನೂ ನೋಡುತ್ತಿದ್ದ. ಇಡೀ ಗಾಲಿ ಅವನ ಕೊಳವೆಗೆ ಹಿಡಿಸುತ್ತಿರಲಿಲ್ಲ. ಒಂದು ಕಡ್ಡಿ, ಆಮೇಲೆ ಪಕ್ಕದ್ದು, ಆಮೇಲೆ ಅದರಾಚೆಯದು. ಹಾಗೆ ಸುತ್ತು ಹಾಕಿ ಮೊದಲಿನದಕ್ಕೆ ಬರುತ್ತಿದ್ದ.

ಗಾಲಿಗಳು ಕೂತವು. ನಟ್ಟುಗಳು ಬಿಗಿಯಾದವು. ಜಾಕು ಇಳಿಯಿತು. ಕಾರು ನೆಲದ ಮೇಲೆ ನಿಂತಾಗ ದಪ್ಪಣ್ಣನೂ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟುಕೊಂಡ. ಕಂದು ಕಾಗದದ ಕಾರಿನಷ್ಟಲ್ಲದಿದ್ದರೂ, ಅದರ ಸಂಬಂಧಿಕನೆಂದು ಯಾರಾದರೂ ಹೇಳಬಹುದಿತ್ತು.

"ಹೆಂಗಿದೆ?" ಎಂದ ತಮ್ಮ. ಯಾರನ್ನು ಕೇಳಿದನೋ.

"ಚೆನ್ನಾಗಿದೆ" ಎಂದಳು ಅಕ್ಕ. ಅವಳ ಕಣ್ಣು ಮೊಳೆಯ ಮೇಲಿದ್ದ ಕೀಯ ಕಡೆಗಿತ್ತು.

"ಇನ್ನೂ ಮುಗಿದಿಲ್ಲಮ್ಮ" ಎಂದ ದಪ್ಪಣ್ಣ. "ನಮ್ಮಲ್ಲೊಂದು ಪದ್ಧತಿ. ಜನ ಕೂರಿಸಿ ನೋಡದೆ ಗಾಡಿ ಆಚೆ ಬಿಡಲ್ಲ. ಖಾಲಿ ಗಾಡಿ ಎಲ್ಲರಿಗೂ ಹೂಂ ಅನ್ನುತ್ತೆ. ಭಾರ ಬಿದ್ದಾಗಲೇ ಅದರ ಬಂಡವಾಳ ಗೊತ್ತಾಗೋದು. ಕೂತ್ಕೊಳ್ಳಿ ಸಾರ್."

ತಮ್ಮ ಕೂತ. ದಪ್ಪಣ್ಣ ಹಿಂದಿನ ಗಾಲಿಯ ಕೆಳಗೊಂದು ದಪ್ಪ ಹಲಗೆ ಕೊಟ್ಟು, ಕಾರನ್ನು ತಳ್ಳಿ ಅದರ ಮೇಲೆ ಹತ್ತಿಸಿ ಇಳಿಸಿದ. ಟೈರು ಎಲ್ಲೂ ತಾಗಲಿಲ್ಲ. ತಮ್ಮನ ಮುಖ ಅರಳಿತು. "ಹೇಳಲಿಲ್ವಾ? ಮರಳು ಹಾಕಿ ನೋಡಿದ್ದೀನಿ!"

"ಈಗ ಅಮ್ಮನೂ ಕೂತ್ಕೊಳ್ಳಲಿ."

"ಅವಳ್ಯಾಕೆ?"

"ಎರಡು ಸೀಟಿದೆಯಲ್ಲ ಸಾರ್."

ಅಕ್ಕ ಪಾನಾ ಪೆಟ್ಟಿಗೆಯನ್ನು ಕೆಳಗಿಟ್ಟು, ಒಂದು ಕೈಯಲ್ಲಿ ಬಾಗಿಲು ಹಿಡಿದು, ಬಾವಿಗಿಳಿಯುವವಳ ಹಾಗೆ ಇಳಿದು ಕೂತಳು. ದಪ್ಪಣ್ಣ ಮತ್ತೆ ಹಲಗೆ ಹತ್ತಿಸಿದ. ಹಿಂದಿನಿಂದ ಕರ್ ಎಂಬ ಸದ್ದು ಬಂತು. ಒದ್ದೆ ಬಟ್ಟೆಗೆ ಸೀಮೆಸುಣ್ಣ ಎಳೆದ ಹಾಗೆ. ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತಿತ್ತು.

"ನಿಮ್ಮ ಅಳತೆ ಎಲ್ಲ ಸರಿಯಾಗೇ ಇದೆ" ಎಂದ ದಪ್ಪಣ್ಣ ಬಗ್ಗಿ ನೋಡಿ. "ಆದ್ರೆ ಮರಳಿನ ಚೀಲ ಒಂದೇ ಇಟ್ಟಿದ್ದೀರಿ. ಒಬ್ಬರಾದ್ರೆ ಓಡುತ್ತೆ. ಇಬ್ಬರು ಕೂತ್ರೆ ಉಜ್ಜುತ್ತೆ. ಅಂಚನ್ನ ಒಳಗೆ ಒತ್ತಿ ಮಡಚಬೇಕಾಗುತ್ತೆ. ಶಾಖ ಕೊಟ್ಟು ನಿಧಾನಕ್ಕೆ ಒತ್ತುತೀನಿ, ಆದ್ರೂ ಬಣ್ಣ ಬಿರುಕು ಬಿಡಲ್ಲ ಅಂತ ಆಣೆ ಮಾಡಲ್ಲ. ಒಮ್ಮೆ ಒತ್ತಿದ ಮೇಲೆ ಹಿಂದಕ್ಕೆ ಬರೋದೂ ಇಲ್ಲ."

"ಬೇಡ" ಎಂದ ತಮ್ಮ. "ಅಂಚು ಮುಟ್ಟಬೇಡಿ. ಇಬ್ಬರು ಕೂರೋದೇ ಇಲ್ಲ."

ಅಕ್ಕ ತಾನು ಕೂತಲ್ಲೇ ಅವನ ಕಡೆ ತಿರುಗಿದಳು.

"ಮತ್ತೆ ಕೂರೋರು ಯಾರೋ?"

"ನಾನು."

"ಎಲ್ಲಿ? ಈ ಸೀಟಿನಲ್ಲಾ, ಆ ಸೀಟಿನಲ್ಲಾ?"

ತಮ್ಮ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಕಾರು ನಿಂತೇ ಇತ್ತು. ಅವಳಿಗೆ ಅರ್ಥವಾಯಿತು. ಈ ಕೀ ತನ್ನ ಅಂಗೈಗೆ ಬರುವುದಿಲ್ಲ. ಗಾಲಿ ಆದಮೇಲೆ ಬಣ್ಣ, ಬಣ್ಣ ಆದಮೇಲೆ ಸೀಟು, ಆಮೇಲೆ ಇನ್ನೊಂದು ಹುಡುಗಿ, ಅವಳಿಗೆ ಹಾರುವಷ್ಟು ಚುರುಕಿಲ್ಲದೆ ಹೋದರೆ...

"ನೀವು ಅಷ್ಟು ಜೋರಾಗಿ ಹತ್ತಿಸಿದ್ರಿ, ಅದಕ್ಕೇ ಉಜ್ಜಿದ್ದು" ಎಂದು ತಮ್ಮ ದಪ್ಪಣ್ಣನ ಮೇಲೆ ತಿರುಗಿದ. "ನಾನೇ ನೋಡ್ತೀನಿ. ನೀವು ಬಂದು ಇಲ್ಲಿ ಕೂತ್ಕೊಳ್ಳಿ. ನಿಧಾನಕ್ಕೆ ಹತ್ತಿಸಿ."

"ನಾನು ಕೂತ್ರೆ ಮೂರು ಜನದ ಲೆಕ್ಕ ಸಾರ್."

"ಇರಲಿ. ಆಗಲೂ ಎಷ್ಟು ಜಾಗ ಇರುತ್ತೆ ನೋಡೇಬಿಡೋಣ."

ಇಂಥ ಹಟಕ್ಕೆ ದಪ್ಪಣ್ಣನ ಹತ್ತಿರ ಮದ್ದಿರಲಿಲ್ಲ. ತಮ್ಮ ಇಳಿದ ಮೇಲೆ ದಪ್ಪಣ್ಣ ಮೊಳೆಯಿಂದ ಕೀ ತೆಗೆದುಕೊಂಡು ಬಂದು, ಹೊಟ್ಟೆಯನ್ನು ಸ್ಟೀರಿಂಗ್ ಕೆಳಗೆ ತೂರಿಸಿ ಕೂತ. ಕಾರು ಒಂದು ನಿಟ್ಟುಸಿರು ಬಿಟ್ಟು ಇನ್ನಷ್ಟು ತಗ್ಗಿತು. ತಮ್ಮ ಅಕ್ಕನ ಕಡೆಯ ಹಿಂದಿನ ಗಾಲಿಯ ಪಕ್ಕ ಮೊಣಕಾಲೂರಿದ. "ಹೂಂ, ಬಿಡಿ" ಎಂದ. ದಪ್ಪಣ್ಣ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಗಾಲಿ ಹಲಗೆಯ ಬುಡಕ್ಕೆ ತಾಗಿತು.

"ಜಾಗ ಇದೆ!" ತಮ್ಮನ ದನಿ. "ಬೇಕಾದಷ್ಟಿದೆ. ಬನ್ನಿ, ಬನ್ನಿ."

ಅಕ್ಕ ಪಕ್ಕದ ಕನ್ನಡಿಯಲ್ಲಿ ನೋಡಿದಳು. ಮಡ್‌ಗಾರ್ಡಿನ ಕೆಳಗೆ ಕತ್ತಲೆ. ತಮ್ಮನ ಮುಖ ಆ ಕತ್ತಲೆಗೆ ಅಂಟಿಕೊಂಡಂತಿತ್ತು, ಕಣ್ಣು ಅರಳಿಸಿಕೊಂಡಿದ್ದ. ಅವನ ಬಲಗೈ ಕಾಣಲಿಲ್ಲ. ಒಂದು ಕ್ಷಣ ಬೇಕಾಯಿತು ಅವಳಿಗೆ, ಕೈ ಎಲ್ಲಿದೆಯೆಂದು ತಿಳಿಯಲು. ಅವನು ಬೆರಳುಗಳನ್ನು ಟೈರಿಗೂ ಅಂಚಿಗೂ ನಡುವೆ ತೂರಿಸಿ ತಡಕುತ್ತಿದ್ದ.

ಅವಳು ಕೂಗಲಿಲ್ಲ, ಕೂಗುವುದಕ್ಕೆ ಹೊತ್ತಿರಲಿಲ್ಲ. ಇಬ್ಬರ ನಡುವಿದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತುಬರುವಂತೆ ಮೇಲಕ್ಕೆಳೆದಳು. ಕಾರು ಮುಗ್ಗರಿಸಿ ಸತ್ತಿತು. ದಪ್ಪಣ್ಣನ ಹಣೆ ಗಾಜಿಗೆ ಬಡಿಯಿತು. ಹಿಂದಿನಿಂದ "ಅಯ್ಯಮ್ಮಾ" ಎಂಬ ಸಣ್ಣ ಸದ್ದು ಬಂತು, ಚಿಕ್ಕಂದಿನ ದನಿಯಲ್ಲಿ.

ಅವಳು ಹೇಗೆ ಎದ್ದಳೋ, ಈ ಸಲ ಯಾರೂ ಕೈ ಕೊಡಬೇಕಾಗಲಿಲ್ಲ. ತಮ್ಮ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದ. ಬಿಡಿಸಿ ನೋಡಿದಳು. ಬೆರಳುಗಳೆಲ್ಲ ಇದ್ದವು. ತೋರುಬೆರಳ ಉಗುರಿನ ಮೇಲೆ ಟೈರಿನ ಕಪ್ಪು ಗೆರೆ, ಅದರಡಿಯಲ್ಲಿ ನಿಧಾನಕ್ಕೆ ಏರುತ್ತಿರುವ ಕೆಂಪು. ಆ ಬೆರಳಲ್ಲೇ ಅವನು ಕೂದಲಿನಂಥ ಸ್ಪ್ರಿಂಗ್ ಹಿಡಿಯುತ್ತಿದ್ದದ್ದು.

"ಏನ್ ಮಾಡ್ತಿದ್ದೆ?"

"ನೋಡ್ತಿದ್ದೆ."

"ನೋಡೋನಿಗೆ ಬೆರಳ್ಯಾಕೋ?"

ಅವಳು ಹೇಳಿದ್ದು ಮೆಲ್ಲಗೆ. ಅವನು ಮಡ್‌ಗಾರ್ಡಿನ ಕಡೆ ತಿರುಗಿ, ಆ ಕತ್ತಲೆಯನ್ನು ಮತ್ತೆ ಬಹಳ ಹೊತ್ತು ನೋಡಿದ. ಕನ್ನಡಿಯಲ್ಲಿ ಕತ್ತಲೆಯಾಗಿ ಕಂಡಿದ್ದರೂ, ಬಾಗಿಲ ಬೆಳಕು ಅದರೊಳಕ್ಕೆ ಚೆನ್ನಾಗಿಯೇ ಬೀಳುತ್ತಿತ್ತು. ಅಕ್ಕನಿಗೆ ಟೈರಿನ ಮೇಲಿನ ಅಕ್ಷರಗಳೂ ಕಾಣುತ್ತಿದ್ದವು.

"ಇಲ್ಲಿ ಏನಾದ್ರೂ ಕಾಣುತ್ತಾ ನಿಂಗೆ?" ಎಂದು ಕೇಳಿದ.

"ಕಾಣುತ್ತೆ."

"ಎಲ್ಲ?"

"ಎಲ್ಲ ಕಣೋ."

ಅವನು ತಲೆಯಾಡಿಸಿದ. ದಪ್ಪಣ್ಣ ಹಣೆ ಉಜ್ಜಿಕೊಳ್ಳುತ್ತಾ ದೂರದಲ್ಲಿ ನಿಂತು, ತನ್ನದಲ್ಲದ ವಿಷಯ ಕಂಡ ಸಭ್ಯಸ್ಥನ ಹಾಗೆ ಗೋಡೆಯ ಮೇಲಿನ ಟೈರಿನ ಕ್ಯಾಲೆಂಡರ್ ಓದುತ್ತಿದ್ದ.

"ಒತ್ತಿಬಿಡಿ" ಎಂದ ತಮ್ಮ.

"ಅಂಚಾ ಸಾರ್? ಬಣ್ಣ ಬಿರುಕು ಬಿಟ್ರೆ..."

"ಬಿಡಲಿ. ಇಬ್ಬರು ಕೂರೋ ಹಾಗೆ ಮಾಡಿ."

ಮತ್ತೆ ಜಾಕು, ಮತ್ತೆ ನಟ್ಟು. ಹಿಂದಿನ ಗಾಲಿ ಕಳಚಿ, ಅದರ ಜಾಗಕ್ಕೆ ದಪ್ಪಣ್ಣ ಉದ್ದ ತೋಳಿನ ಉರುಳೆಯೊಂದನ್ನು ಬಿಗಿದ. ಬಿಸಿಗಾಳಿ ಯಂತ್ರದಿಂದ ಅಂಚಿನ ಬಣ್ಣವನ್ನು ಮೆತ್ತಗೆ ಮಾಡಿಕೊಂಡು, ಉರುಳೆಯನ್ನು ಅತ್ತಿಂದಿತ್ತ ಎಳೆಯತೊಡಗಿದ. ಮಡ್‌ಗಾರ್ಡಿನ ಒಳಕ್ಕೆ ಚಾಚಿದ್ದ ತಗಡಿನ ಮಡಿಕೆ ಒಂದಿಷ್ಟೊಂದಿಷ್ಟೇ ಮೇಲಕ್ಕೊರಗಿತು. ಅಕ್ಕ ಹತ್ತಿರ ಬಂದು ಬಗ್ಗಿದಳು. ಪ್ಯಾಂಟಿನ ಕಾಲಿನ ಮಡಿಕೆಯನ್ನು ಇಸ್ತ್ರಿ ಹಾಕಿ ಕೂರಿಸುವುದೂ ಹೀಗೆಯೇ. ಅವಸರ ಮಾಡಿದರೆ ಬಟ್ಟೆ ಸುಕ್ಕಾಗುತ್ತದೆ. ಅವಳು ಕಂಡದ್ದನ್ನು ಕಂಡಂತೆ ತಮ್ಮನಿಗೆ ಹೇಳುತ್ತಾ ಹೋದಳು. ಈಗ ಅರ್ಧ ಒರಗಿತು; ಈಗ ಮೂಲೆ ಉಳಿದಿದೆ; ಬಣ್ಣ ಇನ್ನೂ ಗಟ್ಟಿಯಾಗಿದೆ; ಅಯ್ಯೋ, ಕೂದಲಿನಷ್ಟೊಂದು ಗೆರೆ ಬಿತ್ತು ನೋಡು.

"ಎಲ್ಲಿ?"

ಅವನ ಬೆರಳು ಹಿಡಿದು ಗೆರೆಯ ಮೇಲಿಟ್ಟಳು. ಅವನು ಸವರಿ ನೋಡಿದ. "ಇಷ್ಟೇನಾ" ಎಂದ.

ಕೆಲಸ ಮುಗಿಯಿತು. ಇಬ್ಬರ ಭಾರ ಹೊತ್ತು ಕಾರು ಹಲಗೆ ಹತ್ತಿ ಇಳಿಯಿತು, ಚಕಾರವೆತ್ತಲಿಲ್ಲ. ದಪ್ಪಣ್ಣ ಕೈ ಒರೆಸಿಕೊಂಡು, ಎಂದಿನ ಅಭ್ಯಾಸದಂತೆ ಕೀಯನ್ನು ಯಜಮಾನನ ಕಡೆ ಚಾಚಿದ. ತಮ್ಮ ಕಾರನ್ನೇ ನೋಡುತ್ತಾ ನಿಂತಿದ್ದ. ಪಕ್ಕಕ್ಕೆ ಬಂದ ಕೈ ಅವನಿಗೆ ಕಾಣಲಿಲ್ಲ. ಕೀ ಗಾಳಿಯಲ್ಲಿ ತೂಗುತ್ತಾ ಉಳಿಯಿತು. ಅಕ್ಕ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಸೆರಗಿಲ್ಲದವಳು ಸೆರಗು ಹುಡುಕುವ ಹಾಗೆ, ರಜೆಯಲ್ಲೂ ಕೊರಳಿನಿಂದ ಇಳಿಯದ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

"ಸಾರ್, ಕೀ" ಎಂದ ದಪ್ಪಣ್ಣ.

ತಮ್ಮ ತಿರುಗಿ, ಹುಡುಕಿ, ತೆಗೆದುಕೊಂಡ. ಅಂಗೈಯಲ್ಲಿಟ್ಟು ಒಮ್ಮೆ ತೂಗಿದ.

"ಒಂದು ವಿಷಯ ಹೊಳೆದೇ ಇರಲಿಲ್ಲ ಕಣೇ" ಎಂದ. "ಇಷ್ಟು ವರ್ಷ ಇದನ್ನ ಓಡಿಸಿದ್ದೀನಿ. ಇದು ಓಡೋದನ್ನ ನಾನು ಒಂದು ಸಲಾನೂ ನೋಡಿಲ್ಲ."

"ಒಳಗೇ ಇರ್ತಿದ್ದೆಯಲ್ಲ."

"ಒಳಗೇ ಇರ್ತಿದ್ದೆ. ಒಳಗಿರೋನಿಗೆ ಗಾಲಿ ಯಾವತ್ತು ಕಾಣಬೇಕು?" ಕೀಯನ್ನು ಅವಳ ಕಡೆ ಹಿಡಿದ. "ತಗೋ. ಆ ತಿರುವಿನ ತನಕ ಹೋಗಿ ಬಾ. ಡಬ್ಬ ಓಡಿಸಿದ ಹಾಗೆ ಓಡಿಸಬೇಡ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಕೂರಬೇಡ."

ಎಷ್ಟೋ ದಿನದಿಂದ ಚಾಚಿದ್ದ ಅಂಗೈಗೆ ಕೀ ಬಂತು. ಬೆಚ್ಚಗಿತ್ತು. ಗೆದ್ದ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಅವಳು ಹೋಗಿ ಸ್ಟೀರಿಂಗ್ ಮುಂದೆ ಕೂತಳು.

ಸರ್ವಿಸ್ ರಸ್ತೆಯ ಅಂಚಿನಲ್ಲಿ ದಪ್ಪಣ್ಣ ತಮ್ಮನನ್ನು ನಿಲ್ಲಿಸಿ, ಬಿಸಿಲಿನ ಕಡೆ ಬೆನ್ನು ಮಾಡಿಸಿದ. ಅಕ್ಕ ಕಾರನ್ನು ಹೊರಗೆ ತಂದಳು. ಮೊದಲ ಸಲ ಅವನ ಮುಂದೆ ಹಾದಾಗ ಅವಳಿಗೆ ತೋರಿತು, ಅವನು ಇನ್ನೂ ಹಿಂದಿನ ಜಾಗವನ್ನೇ ನೋಡುತ್ತಿದ್ದಾನೆ, ಕಾರು ಅವನ ಕೊಳವೆಯಿಂದ ಜಾರಿಹೋಗಿದೆ. ತಿರುವಿನಲ್ಲಿ ಹೊರಳಿಸಿ ಮತ್ತೆ ಬಂದಳು. ಈ ಸಲ ದೂರದಿಂದಲೇ ಹಾರ್ನ್ ಒತ್ತಿದಳು. ಅವನ ತಲೆ ಸದ್ದಿನ ಕಡೆ ತಿರುಗಿತು, ಹುಡುಕಿತು, ಹಿಡಿಯಿತು. ಹಿಡಿದದ್ದು ಅವಳಿಗೆ ಕನ್ನಡಿಯಿಲ್ಲದೆಯೇ ಗೊತ್ತಾಯಿತು. ಅವಳು ಕಾಲು ಸಡಿಲಿಸಿ, ಕಾರನ್ನು ಅವನ ನೋಟದ ವೇಗಕ್ಕೆ ಇಳಿಸಿದಳು. ಅವನ ಮುಖ ಗಾಲಿಯ ಜೊತೆಜೊತೆಗೇ ನಿಧಾನಕ್ಕೆ ತಿರುಗುತ್ತಾ ಬಂತು, ಬಾಯಿ ಸ್ವಲ್ಪ ತೆರೆದಿತ್ತು, ಕಂದು ಕಾಗದದ ಮೇಲೆ ಬಗ್ಗಿರುವಾಗ ತೆರೆದಿರುತ್ತಿದ್ದ ಹಾಗೆ.

ಹಾದುಹೋದ ಮೇಲೆ ಅವನು ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದ್ದು ಅವಳಿಗೆ ಕೇಳಿಸಿತು.

"ಮೂರನೇ ಗೇರು ಹಾಕೇ ಮಾರಾಯ್ತೀ! ಅದರ ಪ್ರಾಣ ಯಾಕೆ ತೆಗೀತೀಯ!"

ಅವಳು ಮೂರನೇ ಗೇರು ಹಾಕಿದಳು. ತಿರುವಿನವರೆಗೆ ಹೋಗಿ, ಕಣ್ಣೊರೆಸಿಕೊಂಡು, ಎರಡೂ ಕಡೆ ನೋಡಿ, ಇನ್ನೊಮ್ಮೆ ಅವನ ಮುಂದೆ ಹಾಯಲು ಕಾರನ್ನು ಹೊರಳಿಸಿದಳು.